ಬಾಯಿ ತೆರೆದ ಸೊನ್ನೆ

ಡಿಸೆಂಬರ್ 2, ಮಂಗಳವಾರ

ಟ್ರಾಮ್ ಓಡಿಸುವ ವಿಡಿಯೋ ಆಟ ಮುಗಿಯಿತು. ಕೊನೆಗೆ ಉರುಳುವ ಕ್ರೆಡಿಟ್ಸ್ ಪೂರ್ತಿ ನೋಡಿದೆ. ಸಂಗೀತದವರು, ಬೆಳಕಿನವರು, ಅಕೌಂಟ್ಸಿನವರು, ಅವರವರ ಬೆಕ್ಕುಗಳಿಗೆ ಥ್ಯಾಂಕ್ಸ್. ಅಣ್ಣನ ಹೆಸರಿಲ್ಲ. ಸರಿ, ಮುಂದಿನದು.

ವರ್ಷದ ಅತ್ಯುತ್ತಮ ಹತ್ತು ಆಟಗಳಲ್ಲಿ ಒಂಬತ್ತು ಹೆಚ್ಚುಕಮ್ಮಿ ನಿಕ್ಕಿ. ಬೇಕರಿ ಆಟ ಎರಡನೆಯದು — ಕ್ಯೂನಲ್ಲಿ ನಿಂತವರ ಗೊಣಗಾಟ ಕೇಳುವುದಕ್ಕೇ ಆಡಬಹುದು. ಕುದುರೆ ಆಟ ಒಂದನೆಯದಾಗಲಿ ಅಂತ ಎಡಿಟರ್ ಮೇಡಂಗೆ ಆಸೆ. ಚಿತ್ರ ಚೆಂದ, ಆಟ ಸಪ್ಪೆ. ಹಾಗೆಂದರೆ ಮುಖ ಊದಿಸಿಕೊಂಡರು. ಪತ್ರಿಕೆ ಅವರದ್ದು, ಪಟ್ಟಿ ನನ್ನದು. ಹನ್ನೆರಡನೇ ತಾರೀಕಿಗೆ ಪುಟ ಕಟ್ಟಬೇಕು. ಮೊದಲ ಸ್ಥಾನ ಇನ್ನೂ ಖಾಲಿ.

"ಆಟ ಮುಗಿದ್ಮೇಲೂ ಯಾಕೆ ಬಿಟ್ಟ ಕಣ್ಣು ಬಿಟ್ಟಂಗೆ ಕೂತಿರ್ತೀಯ?" ಅಂದಳು ಅಮ್ಮ, ಹೊಲಿಗೆ ಮಷೀನಿನಿಂದ ತಲೆ ಎತ್ತದೆ. "ಹೆಸ್ರು ಓದೋಕೂ ಸಂಬಳ ಕೊಡ್ತಾರಾ?"

ಹೂಂ ಅಂದೆ. ನಿಜ ಹೇಳುವ ಧೈರ್ಯ ಬರಲಿಲ್ಲ. ಅಣ್ಣ ಟೆಸ್ಟರ್ ಆಗಿದ್ದ — ಬಿಡುಗಡೆಗೆ ಮೊದಲೇ ಆಟ ಆಡಿ ತಪ್ಪು ಹುಡುಕುವ ಕೆಲಸ, ದೂರದ ಊರು, ಕಂಟ್ರಾಕ್ಟು. ಯಾವ ಆಟ ಅಂತ ಮನೆಯವರಿಗೂ ಹೇಳುವ ಹಾಗಿಲ್ಲ, ಸಹಿ ಹಾಕಿಸಿಕೊಂಡಿರುತ್ತಾರೆ. ಕೇಳಿದಾಗಲೆಲ್ಲ "ಬರ್ತದೆ ನೋಡ್ತಿರು" ಅನ್ನುತ್ತಿದ್ದ. ಆಮೇಲೆ ಫೋನು ಕಮ್ಮಿಯಾಯಿತು. ಆಮೇಲೆ ಆ ನಂಬರೇ ಇಲ್ಲ. ಪೊಲೀಸರು ಕಂಪ್ಲೇಂಟ್ ಬರೆದುಕೊಂಡು ಮೂರು ವರ್ಷ. ಒಂದು ಆಟ ಮುಗಿಯುತ್ತೆ, ಒಂದು ಸಾವಿರ ಹೆಸರು ಮೇಲೆ ಹೋಗುತ್ತೆ, ನಾನು ಕೂತು ನೋಡುತ್ತೇನೆ.

ಡಿಸೆಂಬರ್ 3, ಬುಧವಾರ

"ಆಚೆ ದಡ" ಆಟದ ಕೋಡ್ ಬಂತು, ವಿಮರ್ಶಕರು ಮೊದಲೇ ಆಡಲಿ ಅಂತ ಕಳಿಸುವುದು. ಬಿಡುಗಡೆ ಹದಿನಾರನೇ ತಾರೀಕು, ಬೆಳಗ್ಗೆ ಹತ್ತಕ್ಕೆ. ಅಲ್ಲಿಯವರೆಗೆ ಹೊರಗಿನವರ ಹತ್ತಿರ ತುಟಿ ಬಿಚ್ಚುವಂತಿಲ್ಲ.

ಬತ್ತಿದ ದೊಡ್ಡ ಕೆರೆ. ಈಚೆ ದಡದಲ್ಲಿ ಒಂದು ಗುಡಿಸಲು. ಆಚೆ ದಡ ಕಾಣುವುದಿಲ್ಲ, ನಡೆದು ದಾಟಬೇಕು. ಅಷ್ಟೇ ಆಟ. ಜೇಬಿನಲ್ಲಿ ಒಂದು ಚಾಕ್‌ಪೀಸ್. ದಾರಿಯುದ್ದಕ್ಕೂ ನೆಲ ಕಚ್ಚಿದ ದೋಣಿಗಳು, ಕಲ್ಲುಕಂಬಗಳು, ಅವುಗಳ ಮೇಲೆ ಏನು ಬೇಕಾದರೂ ಗೀಚಬಹುದು. ಗೀಚಿದ್ದು ನೆಟ್ ಮೂಲಕ ಬೇರೆ ಆಟಗಾರರಿಗೂ ಕಾಣುತ್ತದೆ. ಹೆಸರಿಲ್ಲ, ಮಾತಿಲ್ಲ, ಆಳು ಕಾಣುವುದಿಲ್ಲ. ಗುರುತು ಮಾತ್ರ. ಹೊಸದಾದರೆ ಹಾಲಿನಷ್ಟು ಬಿಳಿ, ಒಂದು ದಿನ ಕಳೆದರೆ ಬೂದು. ಈಗ ಆಡುತ್ತಿರುವವರು ನಮ್ಮಂಥ ವಿಮರ್ಶಕರು, ಬೆರಳೆಣಿಕೆಯಷ್ಟು ಜನ. ಹಾಗಾಗಿ ಕೆರೆ ಬಿಕೋ ಅನ್ನುತ್ತಿದೆ. ಅಲ್ಲೊಂದು ಬಾಣ, ಇಲ್ಲೊಂದು ಮೀಸೆ. ಎಲ್ಲ ಬೂದು.

ಯಾವ ಆಟ ಹಾಕಿದರೂ ಮೊದಲು ಹಿಂದಕ್ಕೆ ಹೋಗಬೇಕು ಅಂತ ಅಣ್ಣನ ಪಾಠ. ಮುಂದೆ ಹೋಗು ಅಂತ ಆಟ ಹೇಳುತ್ತಿದ್ದರೆ ಬೆನ್ನು ತಿರುಗಿಸಿ ಹಿಂದೇನಿದೆ ನೋಡುತ್ತಿದ್ದ. ನಾನೂ ಹಾಗೇ ಮಾಡಿದೆ. ಗುಡಿಸಲಿನ ಹಿಂಗೋಡೆಗೆ ಹೋದೆ.

ಅಲ್ಲಿ ಒಂದು ಸೊನ್ನೆ. ಅಚ್ಚ ಬಿಳಿ. ಕೆಳಗಡೆ ಬಾಯಿ ತೆರೆದಿದೆ, ಮುಚ್ಚಿಲ್ಲ.

ಅಣ್ಣ ಸೊನ್ನೆ ಬರೆಯುತ್ತಿದ್ದುದೇ ಹಾಗೆ. ಸ್ಕೂಲಿನಲ್ಲಿ ಮೇಷ್ಟರು ಕಿವಿ ಹಿಂಡಿದರೂ ಕೆಳಗೆ ಒಂದು ಸಂದು ಬಿಟ್ಟೇ ಬಿಡುತ್ತಿದ್ದ. ಕಂಟ್ರೋಲರ್ ತೊಡೆಯ ಮೇಲಿಟ್ಟೆ. ಮಷೀನ್ ಸದ್ದು ನಿಲ್ಲಿಸಿ ಅಮ್ಮ ಏನಾಯ್ತು ಅಂತ ಕೇಳಿದಳು. ಏನಿಲ್ಲ ಅಂದೆ.

ಡಿಸೆಂಬರ್ 4, ಗುರುವಾರ

ಆಫೀಸು. ಪಕ್ಕದ ಟೇಬಲ್ಲಿನವನಿಗೆ, ನಾವೆಲ್ಲ ಚಷ್ಮಾ ಅನ್ನುವವನಿಗೆ, ಹೇಳಿದೆ. ಅವನಿಗೂ ಅದೇ ಕೋಡ್ ಬಂದಿದೆ, ಮಾತಾಡಿದರೆ ತಪ್ಪಿಲ್ಲ. ಅವನು ಇನ್ನೂ ಹಾಕಿಲ್ಲ, ಫುಟ್‌ಬಾಲಿನಲ್ಲಿ ಮುಳುಗಿದ್ದಾನೆ.

"ಯಾವನೋ ಸೋಮಾರಿ ವಿಮರ್ಶಕ ಇರ್ಬೇಕು ಬಿಡು. ಸೊನ್ನೆ ಪೂರ್ತಿ ಮಾಡೋಕೂ ಬೇಜಾರು ಅವ್ನಿಗೆ."

ನಕ್ಕೆ.

ಮಧ್ಯಾಹ್ನ ಮನೆಗೆ ಬಂದು ಆಡಿದೆ. ಮೊದಲ ದೋಣಿಯ ಹಿಂಬದಿ — ಸೊನ್ನೆ. ಕಂಬದ ಹಿಂಬದಿ — ಸೊನ್ನೆ. ದಾರಿಯ ಮೇಲೆ ನಡೆಯುವವರ ಕಣ್ಣಿಗೆ ಒಂದೂ ಬೀಳುವುದಿಲ್ಲ. ಹಿಂದಕ್ಕೆ ಬಗ್ಗಿ ನೋಡಿದವರಿಗೆ ಮಾತ್ರ. ಎಲ್ಲವೂ ಆಗಷ್ಟೇ ಬರೆದ ಹಾಗೆ ಬಿಳಿ.

ಬೇರೆಯವರು ಹೀಗೆ ಬರೆಯಬಾರದು ಅಂತ ಕಾನೂನಿಲ್ಲ. ಗೊತ್ತು.

ಡಿಸೆಂಬರ್ 5, ಶುಕ್ರವಾರ

ಒಂದು ಕಲ್ಲುಕಂಬದ ಹಿಂದೆ, ಅವನ ಸೊನ್ನೆಯ ಪಕ್ಕ, ಎರಡು ಗೆರೆ ಎಳೆದೆ. ಚಿಕ್ಕವರಿದ್ದಾಗ ಟೀವಿ ಮುಂದೆ ಇಬ್ಬರೂ ಕೂತು ಆಡುತ್ತಿದ್ದೆವು. ಅಣ್ಣ ಮೊದಲ ಆಟಗಾರ, ನಾನು ಎರಡನೆಯವಳು. ಅವನು ಓಡಿದರೆ ಪರದೆ ಅವನ ಜೊತೆ ಓಡುತ್ತಿತ್ತು, ನಾನು ಅಂಚಿಗೆ ಸಿಕ್ಕಿ ಸಾಯುತ್ತಿದ್ದೆ. ಆಗ ಅವನ ಮಂಡಿಗೆ ಎರಡು ಏಟು ಹಾಕುತ್ತಿದ್ದೆ — ನಿಂತ್ಕೋ ಅಂತ. ಬೈದುಕೊಂಡೇ ನಿಲ್ಲುತ್ತಿದ್ದ.

ಎರಡು ಗೆರೆ ಎಳೆದು ಆಟ ಬಂದ್ ಮಾಡಿದೆ. ಹುಚ್ಚು ಅಂತ ನನಗೇ ಅನಿಸಿತು.

ಡಿಸೆಂಬರ್ 6, ಶನಿವಾರ

ನಿಂತಿದ್ದಾನೆ.

ಇಷ್ಟು ದಿನ ಒಂದು ಗುರುತಿನಿಂದ ಇನ್ನೊಂದಕ್ಕೆ ಎಷ್ಟೋ ದೂರ ನಡೆಯಬೇಕಿತ್ತು. ಇವತ್ತು ಅದೇ ಕಂಬಕ್ಕೆ ಅಂಟಿಕೊಂಡಂತೆ ಇನ್ನೊಂದು ಸೊನ್ನೆ, ಅದರ ಕೆಳಗೆ ಇನ್ನೊಂದು, ಇನ್ನೊಂದು. ಕಾದು ಕಾದು ಬೇಜಾರಾಗಿ ಗೀಚಿದ ಹಾಗೆ. ನಾನು ಮುಂದೆ ಹೆಜ್ಜೆ ಇಟ್ಟ ಮೇಲೆ ಮುಂದಿನ ದೋಣಿಯಲ್ಲಿ ಹೊಸದು ಬಂತು.

ಜೋರಾಗಿ ಅತ್ತುಬಿಟ್ಟೆ. ಖುಷಿಗೋ ಹೆದರಿಕೆಗೋ. ಅಮ್ಮ ಬಟ್ಟೆ ಕೊಡಲು ಹೊರಗೆ ಹೋಗಿದ್ದಳು, ಒಳ್ಳೆಯದಾಯಿತು.

ಡಿಸೆಂಬರ್ 8, ಸೋಮವಾರ

ಅಮ್ಮನಿಂದ ಮುಚ್ಚಿಡಬೇಕೆಂದುಕೊಂಡಿದ್ದೆ. ಆಗಲಿಲ್ಲ.

ಯಾರದೋ ಕೋಟಿನ ತೋಳು ಹಿಡಿದು ಟೀವಿ ಮುಂದೆ ಹಾದುಹೋದಳು. ಹೋದವಳು ವಾಪಸ್ಸು ಬಂದು ನಿಂತಳು. ಕೈಯಲ್ಲಿ ಗುರುತು ಹಾಕುವ ಟೈಲರ್ ಚಾಕ್ ಹಾಗೇ ಇತ್ತು.

"ಇದ್ಯಾಕೆ ಅವ್ನ ಥರ ಸೊನ್ನೆ ಬರ್ದಿದೀಯ?"

"ನಾನು ಬರ್ದಿದ್ದಲ್ಲಮ್ಮ."

ಕೋಟು ಮಡಿಸಿಟ್ಟಳು. ನನ್ನ ಪಕ್ಕ ಬಂದು ಕೂತಳು. ಇಷ್ಟು ವರ್ಷದಲ್ಲಿ ನನ್ನ ಕೆಲಸ ನೋಡಲು ಕೂತಿದ್ದು ಇದೇ ಮೊದಲು. ಗುಂಡಿ ಒತ್ತೋ ನೌಕರಿ ಅಂತ ಪಕ್ಕದ ಮನೆಯವರ ಹತ್ತಿರ ನಗೆಯಾಡುವವಳು.

"ಹೋಗು ಮುಂದೆ. ಅವ್ನು ಕಾಯ್ತಾನೆ," ಅಂದಳು.

ಕಾಯುತ್ತಾನೆ ಅನ್ನುವುದನ್ನು ನಾನು ಅವಳಿಗೆ ಹೇಳಿರಲೇ ಇಲ್ಲ.

ಡಿಸೆಂಬರ್ 9, ಮಂಗಳವಾರ

ನಿನ್ನೆ ರಾತ್ರಿ ಆಚೆ ದಡ ಮುಟ್ಟಿ ಆಟ ಮುಗಿಸಿದೆ, ಕ್ರೆಡಿಟ್ಸಿನಲ್ಲಿ ಅಣ್ಣನ ಹೆಸರಿಲ್ಲ, ಆಮೇಲೆ ಮತ್ತೆ ಕೆರೆಯೊಳಗೇ ಬಿಟ್ಟಿತು. ಆಟದ ಕಂಪನಿಯ ಪ್ರಚಾರ ನೋಡಿಕೊಳ್ಳುವ ಪಿ.ಆರ್. ಹುಡುಗಿಗೆ ಮೇಲ್ ಹಾಕಿದೆ, ಸೊನ್ನೆಯ ಫೋಟೋ ಸಮೇತ. ಈ ಗುರುತು ಯಾರದ್ದು? ನಿಮ್ಮಲ್ಲಿ ಟೆಸ್ಟರ್ ಆಗಿ ಹೀಗೊಬ್ಬರು ಇದ್ದರಾ? ಅಣ್ಣನ ಪೂರ್ತಿ ಹೆಸರು ಬರೆದೆ. ನಾನು ಅವರ ತಂಗಿ ಅಂತಲೂ ಬರೆದೆ.

ಅಮ್ಮ ಮೂರು ಗಿರಾಕಿಗಳನ್ನು ನಾಳೆ ಬನ್ನಿ ಅಂತ ವಾಪಸ್ಸು ಕಳಿಸಿದಳು. ಮಷೀನಿಗೆ ಬಟ್ಟೆ ಮುಚ್ಚಿದ್ದಾಳೆ.

ಡಿಸೆಂಬರ್ 10, ಬುಧವಾರ

ಉತ್ತರ ಬಂತು. ಬಿಡುಗಡೆಗೆ ಮೊದಲು ಕೆರೆ ತೀರಾ ಖಾಲಿ ಕಾಣಬಾರದು ಅಂತ ನಮ್ಮ ಟೆಸ್ಟರ್‌ಗಳ ಹಳೆಯ ಗುರುತುಗಳನ್ನು ಹಾಕಿಟ್ಟಿದ್ದೇವೆ. ಹದಿನಾರನೇ ತಾರೀಕು ಹತ್ತು ಗಂಟೆಗೆ ಎಲ್ಲವನ್ನೂ ಅಳಿಸಲಾಗುತ್ತದೆ. ಟೆಸ್ಟರ್‌ಗಳ ವಿವರ ಕೊಡುವಂತಿಲ್ಲ, ಕ್ಷಮಿಸಿ. ಹೆಸರನ್ನು ಸಂಬಂಧಪಟ್ಟವರಿಗೆ ಕಳಿಸಿದ್ದೇನೆ.

ಹಳೆಯ ಗುರುತು. ಇರಬಹುದು — ಬಾಣ, ಮೀಸೆ, ಆ ಬೂದು ಗೀಚಾಟವೆಲ್ಲ. ಆದರೆ ಸೊನ್ನೆ ಬಿಳಿ. ಎಂದೋ ಬರೆದಿಟ್ಟದ್ದು ನಾನು ನಿಲ್ಲು ಅಂದರೆ ನಿಲ್ಲುತ್ತದೆಯೇ?

ವಿಮರ್ಶಕಿ ಅಲ್ಲವೇ ನಾನು, ಪರೀಕ್ಷೆ ಮಾಡಿದೆ. ದಾರಿ ಬಿಟ್ಟು ತುಂಬ ದೂರ ಹೋದೆ, ಯಾರೂ ಹೋಗದ ಮೂಲೆಗೆ. ಅಲ್ಲೊಂದು ದೋಣಿಯ ಮುರಿದ ಹುಟ್ಟು ಬಿದ್ದಿತ್ತು. ಅದರ ಮೇಲೆ ಎರಡು ಗೆರೆ ಎಳೆದೆ. ಟೀ ಮಾಡಿಕೊಂಡು ಬರುವಷ್ಟರಲ್ಲಿ ಪಕ್ಕದಲ್ಲಿ ಸೊನ್ನೆ.

"ಎಲ್ಲಿಗೆ ಹೋದ್ರೂ ಹಿಂದೆ ಬರ್ತಾನೆ ನಿನ್ನಣ್ಣ," ಅಂದಳು ಅಮ್ಮ, ದೂರು ಹೇಳುವ ದನಿಯಲ್ಲಿ. ಮುಖ ಮಾತ್ರ ಅರಳಿತ್ತು.

ಬದುಕಿದ್ದಾನೆ. ಈಗ, ಇವತ್ತು, ಎಲ್ಲೋ ಒಂದು ಕುರ್ಚಿಯಲ್ಲಿ ಕೂತು ಆಡುತ್ತಿದ್ದಾನೆ. ಹದಿನಾರರೊಳಗೆ ಹಿಡಿಯಬೇಕು. ಆಮೇಲೆ ಲಕ್ಷಾಂತರ ಜನ ನುಗ್ಗುತ್ತಾರೆ, ಅವನ ಗುರುತು ಯಾವುದು ಅಂತ ಹುಡುಕಲಿ?

ಡಿಸೆಂಬರ್ 11, ಗುರುವಾರ, ಮಧ್ಯಾಹ್ನ

ಮೇಡಂ ಫೋನ್: "ಒಂದನೇದು ಯಾವುದ್ರೀ? ನಾಳೆ ಪುಟ."

"ಆಚೆ ದಡ."

"ಕುದುರೆ ಅಲ್ವಾ?"

"ಅಲ್ಲ."

"ಆಯ್ತು ಬಿಡಿ. ಶುರುವಿಂದ ಇನ್ನೊಂದ್ಸಲ ಆಡಿದ್ರಾ?"

ನಾನೇ ಮಾಡಿದ ನಿಯಮ. ಮೊದಲ ಸ್ಥಾನ ಕೊಡುವ ಮುನ್ನ ಆಟವನ್ನು ಹೊಸದಾಗಿ ಶುರು ಮಾಡಿ ಮೊದಲ ಗಂಟೆ ಮತ್ತೆ ಆಡಬೇಕು. ಹೊಸತಿನ ಅಮಲು ಇಳಿದ ಮೇಲೂ ಚೆನ್ನಾಗಿದ್ದರೆ ಮಾತ್ರ ಒಂದನೆಯದು. ಪ್ರತಿ ವರ್ಷ ಮಾಡುತ್ತೇನೆ. ಫೋನಿಟ್ಟು ಅದೇ ಗುಂಗಿನಲ್ಲಿ ಹೊಸ ಆಟ ಒತ್ತಿದೆ. ಏನೋ ಎಚ್ಚರಿಕೆ ಬಂತು. ಹೌದು ಒತ್ತಿದೆ. ಇನ್ನೊಮ್ಮೆ ಕೇಳಿತು. ಹೌದು. ನಮ್ಮ ಕಸುಬಿನಲ್ಲಿ ಅದನ್ನೆಲ್ಲ ಓದುವವರು ಯಾರು.

"ಏನೋ ಅಳಿಸ್ತೀನಿ ಅಂತಲ್ಲಾ ಬರ್ದಿತ್ತು," ಅಂದಳು ಅಮ್ಮ.

ಹೊಸದಾಗಿ ಶುರು ಮಾಡಿದರೆ ಹಳೆಯ ಆಟದಲ್ಲಿ ನಾವು ಗೀಚಿದ್ದೆಲ್ಲ ಎಲ್ಲರ ಕೆರೆಯಿಂದಲೂ ಅಳಿಸಿಹೋಗುತ್ತದೆ. ಎಚ್ಚರಿಕೆಯಲ್ಲಿ ಬರೆದಿದ್ದುದು ಅದೇ. ನನ್ನ ಎರಡು ಗೆರೆಗಳು ಈಗ ಎಲ್ಲೂ ಇಲ್ಲ. ಅವನು ನಿಂತಲ್ಲಿಂದ ತಿರುಗಿ ನೋಡಿದರೆ ನಾನಿಲ್ಲ.

ಗುಡಿಸಲ ಹಿಂದೆ ಓಡಿದೆ. ಗೋಡೆ ಖಾಲಿ. ಮೊದಲ ದೋಣಿ ಖಾಲಿ. ಕಂಬ ಖಾಲಿ. ಬಾಣ ಇದೆ, ಮೀಸೆ ಇದೆ. ಸೊನ್ನೆ ಒಂದೂ ಇಲ್ಲ.

ಈ ಸಲ ಪರದೆ ಓಡಿಸಿಕೊಂಡು ಹೋದವಳು ನಾನು.

ಅದೇ ದಿನ, ಸಂಜೆ

ಅಮ್ಮ ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ಜಾತ್ರೆ ಗುಂಪಲ್ಲಿ ಮಗು ತಪ್ಪಿಸ್ಕೊಂಡ್ರೆ ಏನ್ ಮಾಡ್ತಾರೆ? ಎಲ್ಲಿ ಕೈ ಬಿಟ್ಟಿತ್ತೋ ಅಲ್ಲೇ ನಿಲ್ಬೇಕು. ಇಬ್ರೂ ಹುಡುಕ್ತಾ ಅಲೆದ್ರೆ ಇಬ್ರೂ ಸಿಗಲ್ಲ. ಆ ಗುಡಿಸ್ಲಲ್ಲೇ ಇರು. ಎಲ್ಲಿಗೂ ಹೋಗ್ಬೇಡ."

ಹಾಗಾಗಿ ಗುಡಿಸಲೊಳಗೆ ನಿಂತಿದ್ದೇವೆ. ಕಿಟಕಿಯಿಂದ ಮೊದಲ ದೋಣಿ ಕಾಣುತ್ತದೆ. ಗಾಳಿಯ ಸದ್ದಿಗೆ ಅಮ್ಮನಿಗೆ ಚಳಿಯಾಗುತ್ತದಂತೆ, ಬಾಗಿಲು ಹಾಕು ಅಂದಳು. ಆಟದ ಬಾಗಿಲು. ಹಾಕಿದೆ.

ಡಿಸೆಂಬರ್ 12, ಶುಕ್ರವಾರ

ಪುಟ ಹೋಯಿತು. ನಾನು ಬರೆದ ಸಾಲುಗಳನ್ನು ಚಷ್ಮಾ ಪ್ರೂಫ್ ಓದಿದ. "ಆಚೆ ದಡದಲ್ಲಿ ನಿಮ್ಮ ಮುಂದೆ ಯಾರೋ ನಡೆಯುತ್ತಿರುತ್ತಾರೆ. ನೀವು ಹಿಂದೆ ಬಿದ್ದರೆ ಅವರು ನಿಲ್ಲುತ್ತಾರೆ. ಈ ವರ್ಷ ಬೇರೆ ಯಾವ ಆಟವೂ ಹೀಗೆ ನನ್ನ ಜೊತೆಗಿರಲಿಲ್ಲ."

"ಈ ನಿಲ್ಲೋದು ಯಾವಾಗ ಬರತ್ತೆ?" ಅಂದ. "ನಾನು ನಿನ್ನೆ ಆಡಿ ಮುಗಿಸ್ದೆ. ಯಾರೂ ನಿಲ್ಲಲಿಲ್ಲ ನಂಗೆ."

"ಹಿಂಬದಿ ನೋಡಿದ್ಯಾ? ಸೊನ್ನೆ?"

"ನೀನು ಹೇಳಿದ್ಯಲ್ಲ ಅಂತ ಪ್ರತಿ ದೋಣಿ ಹಿಂದೆ ಬಗ್ಗಿ ನೋಡ್ದೆ ಮಾರಾಯ್ತಿ. ಸೊಂಟ ಹಿಡ್ಕೊಳ್ತು. ಒಂದೂ ಇಲ್ಲ."

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಚಷ್ಮಾ ಕನ್ನಡಕ ತೆಗೆದು ಒರೆಸಿಕೊಂಡ. ಅವನು ತಮಾಷೆ ಮಾಡುವಾಗ ಹಾಗೆ ಮಾಡುವುದಿಲ್ಲ. "ನೀನು ಎರಡು ದಿನ ರಜ ಹಾಕು," ಅಂದ. ಮೆತ್ತಗೆ ಅಂದ. ಅದೇ ಹೆಚ್ಚು ಹೆದರಿಸಿತು.

ಡಿಸೆಂಬರ್ 15, ಸೋಮವಾರ

ಬರೆಯಲೇಬೇಕು. ಬರೆಯದಿದ್ದರೆ ತಲೆ ಕೆಡುತ್ತದೆ.

ಬೆಳಗ್ಗೆ ಪಿ.ಆರ್. ಹುಡುಗಿ ಫೋನ್ ಮಾಡಿದಳು. ಮೆಟ್ಟಿಲ ಹತ್ತಿರ ನಿಂತು ಮಾತಾಡುತ್ತಿದ್ದಾಳೆ ಅಂತ ದನಿಯಲ್ಲೇ ಗೊತ್ತಾಗುತ್ತಿತ್ತು. "ಇದು ಆಫೀಸಿನ ಪರವಾಗಿ ಅಲ್ಲ ಮೇಡಂ. ನಿಮಗೆ ಗೊತ್ತಿಲ್ಲ ಅಂತ ನಮಗೆ ಗೊತ್ತಿರಲಿಲ್ಲ. ಏಜೆನ್ಸಿಯವರು ಮನೆಗೆ ತಿಳಿಸಿದೀವಿ ಅಂದಿದ್ರು."

ಅಣ್ಣ ಅಲ್ಲೇ ಟೆಸ್ಟರ್ ಆಗಿದ್ದ. ಇದೇ ಆಟ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಊಟಕ್ಕೆ ಎದ್ದವನು ಲಿಫ್ಟಿನ ಹತ್ತಿರ ಬಿದ್ದ. ಹೃದಯಾಘಾತ. ಆಸ್ಪತ್ರೆ ತಲುಪಲಿಲ್ಲ. ಕಂಟ್ರಾಕ್ಟ್ ಏಜೆನ್ಸಿಯ ಹತ್ತಿರ ಇದ್ದುದು ನಮ್ಮ ಹಳೆಯ ಮನೆ ವಿಳಾಸ. ಪತ್ರ ಅಲ್ಲಿಗೆ ಹೋಗಿದೆ, ಉತ್ತರ ಬಂದಿಲ್ಲ, ಫೈಲು ಮುಚ್ಚಿದ್ದಾರೆ. ಮುಂದಿನದನ್ನೆಲ್ಲ ಟೀಮಿನವರೇ ನಿಂತು ಮಾಡಿದರಂತೆ. ಎಲ್ಲರಿಗೂ ಅವನನ್ನು ಕಂಡರೆ ಇಷ್ಟವಿತ್ತಂತೆ.

ಸರಿ, ಸರಿ ಅನ್ನುತ್ತಲೇ ಇದ್ದೆ.

"ಇನ್ನೊಂದು ಮೇಡಂ," ಅಂದಳು. "ಆಟದಲ್ಲಿ ಅವರ ಗುರುತು ಇದ್ದಿದ್ದು ನಿಜ. ಆದ್ರೆ ಅವರು ತೀರಿಕೊಂಡ ವಾರದಲ್ಲೇ, ಆಗಲೇ, ಎಲ್ಲಾ ತೆಗೆಸಿಬಿಟ್ವಿ. ಅದನ್ನ ನೋಡ್ಕೊಂಡು ಟೀಮಿನವರಿಗೆ ಕೆಲಸ ಮಾಡೋಕಾಗ್ತಿರಲಿಲ್ಲ. ನೀವು ಕಳಿಸಿದ ಫೋಟೋ ಇಲ್ಲಿ ಎಲ್ರೂ ನೋಡಿದ್ರು. ಅದು ಎಲ್ಲಿಂದ ಬರ್ತಿದೆ ಅಂತ ಯಾರಿಗೂ ತಿಳೀತಿಲ್ಲ."

ಫೋನಿಟ್ಟ ಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನನ್ನಣ್ಣ ಹೋಗಿಬಿಟ್ಟಿದ್ದಾನೆ. ಮೂರು ವರ್ಷದಿಂದ ಸಾವಿರ ಸಾವಿರ ಹೆಸರು ಓದಿದ್ದೇನೆ, ಅವನು ಆಗಲೇ ಇರಲಿಲ್ಲ. ಅಮ್ಮನಿಗೆ ಹೇಗೆ ಹೇಳಲಿ? ಹೊಲಿಗೆ ಬಿಟ್ಟು, ಊಟ ಬಿಟ್ಟು, ಆ ಪರದೆ ಮುಂದೆ ಪಟ್ಟಾಗಿ ಕೂತಿರುವವಳಿಗೆ?

ಮುಖ ತೊಳೆದು ಹೊರಗೆ ಬಂದೆ. ಅಮ್ಮನ ಕೈಯಲ್ಲಿ ಕಂಟ್ರೋಲರ್. ರಿಮೋಟು ಅನ್ನುತ್ತಾಳೆ ಅದಕ್ಕೆ. ಅತ್ತಿತ್ತ ನೋಡುವುದನ್ನು ಕಲಿತಿದ್ದಾಳೆ, ಅಷ್ಟೇ.

"ಬಾ ಇಲ್ಲಿ," ಅಂದಳು. "ಬಂದ."

ಗುಡಿಸಲಿನ ಕಿಟಕಿ. ಆಚೆ ಮೊದಲ ದೋಣಿ. ಅದರ ಈಚೆ ಮೈಯಲ್ಲಿ, ನಮಗೆ ಎದುರಾಗಿ, ಬಿಳಿ ಸೊನ್ನೆ. ಇಷ್ಟು ದಿನ ಹಿಂಬದಿಗೆ ಬರೆಯುತ್ತಿದ್ದವನು ಈಗ ಮುಂಬದಿಗೆ ಬರೆದಿದ್ದಾನೆ.

ಸಂತೋಷ ಆಗಬೇಕಿತ್ತು. ಆಗಲಿಲ್ಲ.

ಡಿಸೆಂಬರ್ 16, ಮಂಗಳವಾರ, ಬೆಳಗ್ಗೆ ಒಂಬತ್ತೂವರೆ

ಹತ್ತು ಗಂಟೆಗೆ ಅಳಿಸುತ್ತಾರೆ. ಅದಕ್ಕೆ ಮುಂಚೆ ಹೇಳಿಬಿಡಬೇಕು ಅಂತ ಗಟ್ಟಿ ಮನಸ್ಸು ಮಾಡಿ ಅಮ್ಮನ ಪಕ್ಕ ಕೂತೆ.

"ಅಮ್ಮ, ನಿನ್ನೆ ಫೋನ್ ಬಂದಿತ್ತು. ಅಣ್ಣ..."

"ಗೊತ್ತು ಕಣೆ."

"ಏನು ಗೊತ್ತು?"

"ಇದ್ದಿದ್ರೆ ಅಮ್ಮನಿಗೆ ಒಂದು ಫೋನ್ ಮಾಡ್ದೆ ಇರ್ತಿದ್ನಾ? ಮೂರು ವರ್ಷ?" ಪರದೆಯಿಂದ ಕಣ್ಣು ಕೀಳಲಿಲ್ಲ. "ಮೊದಲನೇ ವರ್ಷಾನೇ ಗೊತ್ತಾಯ್ತು ನಂಗೆ. ನೀನು ಹುಡುಕ್ತಾ ಇದ್ಯಲ್ಲ, ನಿನ್ನ ಮುಂದೆ ಬಾಯಿ ಬಿಡೋಕೆ ಮನಸ್ಸಾಗ್ಲಿಲ್ಲ."

"ಮತ್ತೆ ಇಷ್ಟು ದಿನ ಇಲ್ಲಿ ಯಾಕೆ ಕೂತಿದ್ದೆ?"

"ಸತ್ರೂ ಮಗ ಅಲ್ವಾ?"

ಅವಳ ತೊಡೆಯ ಮೇಲೆ ತಲೆ ಇಟ್ಟೆ. ಬಹಳ ಹೊತ್ತು ನನ್ನ ಕೂದಲು ನೇವರಿಸಿದಳು, ಇನ್ನೊಂದು ಕೈಯಲ್ಲಿ ರಿಮೋಟು. ಇಬ್ಬರೂ ಅಳಲಿಲ್ಲ. ಇಷ್ಟು ದಿನ ಒಬ್ಬರಿಗೊಬ್ಬರು ಮುಚ್ಚಿಟ್ಟು ಅತ್ತಿದ್ದೇ ಸಾಕಾಗಿತ್ತೇನೋ.

ಆಮೇಲೆ ಕೇಳಿದಳು. "ಹತ್ತು ಗಂಟೆಗೆ ಅಳಿಸಿದ್ಮೇಲೆ ಅವ್ನು ಎಲ್ಲಿಗೆ ಹೋಗ್ತಾನೆ?"

ಗೊತ್ತಿಲ್ಲ ಅಂದೆ.

"ಅಳಿಸ್ದೇ ಇರೋ ಹಂಗೆ ಮಾಡೋಕಾಗಲ್ವಾ?"

ಹೇಳಬಾರದಿತ್ತು. ಕಸುಬಿನವಳ ಬಾಯಿ, ಹೇಳಿಬಿಟ್ಟೆ. ಅಳಿಸುವುದು ನೆಟ್ ಮೂಲಕ. ನೆಟ್ ಇಲ್ಲದಿದ್ದರೆ ಟೀವಿಗೆ ಸಿಕ್ಕಿಸಿದ ನಮ್ಮ ಕನ್ಸೋಲ್ ತನ್ನಷ್ಟಕ್ಕೆ ತಾನಿರುತ್ತದೆ. ಏನೂ ಅಳಿಯುವುದಿಲ್ಲ. ಹೊಸದೇನೂ ಬರುವುದೂ ಇಲ್ಲ. ಇದ್ದದ್ದು ಇದ್ದಂತೆ.

ಅಮ್ಮ ಎದ್ದು ಟೀವಿಯ ಹಿಂದೆ ಕೈ ಹಾಕಿದಳು. "ಯಾವುದು? ಹಳದೀದಾ?" ಅಂದಳು. ಉತ್ತರಕ್ಕೆ ಕಾಯಲಿಲ್ಲ. ಕೇಬಲ್ ಕಿತ್ತು ಹೊಲಿಗೆ ಮಷೀನಿನ ಮೇಲಿಟ್ಟಳು.

ಹತ್ತು ದಾಟಿದೆ

ಅಳಿಸಿಲ್ಲ. ದೋಣಿಯ ಮೇಲೆ ಸೊನ್ನೆ ಹಾಗೇ ಇದೆ. ಚಷ್ಮಾ ಮೆಸೇಜ್ ಹಾಕಿದ್ದಾನೆ: ಕೆರೆ ತುಂಬ ಜನ, ಗೀಚಿ ಗೀಚಿ ಹೇಸಿಗೆ ಮಾಡಿದ್ದಾರೆ, ಬಂದು ನೋಡು. ನಮ್ಮ ಕೆರೆಯಲ್ಲಿ ಯಾರೂ ಇಲ್ಲ. ಅಮ್ಮ ಇಷ್ಟು ದಿನಕ್ಕೆ ಮೊದಲ ಸಲ ಹಸಿವು ಅಂದಳು. ಇಲ್ಲೇ ತಟ್ಟೆ ತಂದುಕೊಟ್ಟೆ. ತಿಂದಳು.

ಇದನ್ನು ಬರೆಯಲು ಟೇಬಲ್ಲಿಗೆ ಬಂದು ಕೂತಿದ್ದೇನೆ. ಇಲ್ಲಿಂದಲೂ ಪರದೆ ಕಾಣುತ್ತದೆ.

ದೋಣಿಗೂ ಗುಡಿಸಲಿಗೂ ನಡುವೆ ಒಂದು ಕಲ್ಲಿದೆ. ಈಗ ಅದರ ಮೇಲೆ ಸೊನ್ನೆ. ಸ್ವಲ್ಪ ಮುಂಚೆ ಇರಲಿಲ್ಲ.

ಕೇಬಲ್ ನೋಡಿದೆ. ಮಷೀನಿನ ಮೇಲೆ ಬಿದ್ದಿದೆ. ವೈಫೈ ಕೂಡ ನಾನೇ ಆರಿಸಿದ್ದೇನೆ. ಹೊರಗಿನಿಂದ ಏನೂ ಬರುವಂತಿಲ್ಲ.

ಗುಡಿಸಲಿನ ಅಂಗಳದ ಬೇಲಿಯ ಮೇಲೆ ಇನ್ನೊಂದು. ಬರೆಯುತ್ತಿದ್ದಂತೆಯೇ ಬಂತು. ಕೈ ಕಾಣಲಿಲ್ಲ, ಗೆರೆ ಸುತ್ತಿಕೊಂಡು ಬಂದದ್ದು ಕಂಡಿತು. ಆತುರದ ಕೈ. ಇದು ಅಣ್ಣನೇ? ಅಣ್ಣನ ಸೊನ್ನೆಯೇ. ಅಣ್ಣ ಅಂದುಕೊಳ್ಳಲು ಮನಸ್ಸು ಹಾತೊರೆಯುತ್ತಿದೆ, ಕಾ‌ಲು ಮಾತ್ರ ಹೊರಬಾಗಿಲ ಕಡೆ ಎಳೆಯುತ್ತಿದೆ. ಅಮ್ಮನಿಗೆ ಹೆದರಿಕೆ ಅನ್ನುವುದೇ ಇಲ್ಲ. ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತಿದ್ದಾಳೆ, ಮನೆಗೆ ಯಾರೋ ಬರುವವರಿದ್ದಾರೆ ಅನ್ನುವ ಹಾಗೆ.

ತಟ್ಟುತ್ತಿದ್ದಾರೆ.

ಗುಡಿಸಲಿನ ಬಾಗಿಲು. ಈ ಆಟದಲ್ಲಿ ಬಾಗಿಲು ತಟ್ಟುವ ಸದ್ದೇ ಇಲ್ಲ. ಗಾಳಿ ಇದೆ, ಹೆಜ್ಜೆ ಇದೆ, ಚಾಕ್ ಗೀಚುವುದಿದೆ, ಅಷ್ಟೇ. ಪೂರ್ತಿ ಮುಗಿಸಿದವಳು ನಾನು, ನನಗೆ ಗೊತ್ತು.

ಮತ್ತೆ ತಟ್ಟಿತು.

"ಬಾಗ್ಲು ತೆಗೆಯೋದು ಯಾವ ಗುಂಡಿನೇ?" ಅಮ್ಮ ಕೇಳುತ್ತಿದ್ದಾಳೆ. "ಹೇಳೇ. ಹೊರಗೆ ನಿಂತಿದಾನೆ."

ಯಾವ ಗುಂಡಿ ಅಂತ ನನಗೆ ಗೊತ್ತು. ಹೇಳಿಲ್ಲ. ಅಮ್ಮ ಒಂದೊಂದೇ ಒತ್ತಿ ನೋಡುತ್ತಿದ್ದಾಳೆ. ಮೊದಲನೆಯದು ಅಲ್ಲ. ಅದರ ಪಕ್ಕದ್ದೂ ಅಲ್ಲ. ಎದ್ದು ಹೋಗಿ ಕಸಿದುಕೊಳ್ಳಬೇಕು, ಅಥವಾ ಹೇಳಿಬಿಡಬೇಕು, ಅಣ್ಣನಲ್ಲವೇ, ಹೊರಗೆ ಎಷ್ಟು ಹೊತ್ತು ಅಂತ ನಿಲ್ಲಿಸುವುದು, ಈಗ ಅವಳ ಹೆಬ್ಬೆರಳು ಸರಿಯಾಗಿ ಆ